ಕನ್ನಡ ಟ್ರ್ಯಾಕ್ ಇದೆ, ಹಿಂದಿ ಯಾಕೆ ಮಾತಾಡುತ್ತದೆ?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಗೆ ಜಾತ್ರೆ ಕೂಡುತ್ತದೆ. ಕಾರ್ಣಿಕದ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಅಷ್ಟೂ ಜನಸಾಗರ ಒಮ್ಮೆಗೇ ಸುಮ್ಮನಾಗುತ್ತದೆ. ಆ ಮೌನದಲ್ಲಿ ಒಂದು ಸಾಲು ಕೇಳಿಬರುತ್ತದೆ. ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ಜನ ಅದಕ್ಕೆ ಹತ್ತು ಅರ್ಥ ಹಚ್ಚುತ್ತಾರೆ. ಅರ್ಥ ಎಷ್ಟೇ ಇದ್ದರೂ ಕಿವಿಗೆ ಬೀಳುವ ದನಿ ಒಂದೇ.

ಈಗ ಅದೇ ತಾಲ್ಲೂಕಿನ, ತುಂಗಭದ್ರೆಯ ದಡದ ಮಾಗಳದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಮನೆಯಾದರೂ ಸರಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಊರಿಗೆ ತಂದು, ಅದಕ್ಕೊಂದು ಹಾರ್ಡ್‌ಡಿಸ್ಕ್ ಜೋಡಿಸಿ, ಮನೆಯ ಸಿನಿಮಾ ಡಿಸ್ಕ್‌ಗಳು, ಮದುವೆಯ ವಿಡಿಯೊ, ಜಾತ್ರೆಯ ಚಿತ್ರೀಕರಣ ಎಲ್ಲವನ್ನೂ ತುಂಬಿಟ್ಟಿದ್ದಾನೆ. ವೈಫೈ ಮೂಲಕ ಟಿವಿಯಲ್ಲಿ ಎಲ್ಲವೂ ಸಿಗುತ್ತದೆ. ಅಜ್ಜಿ ರಿಮೋಟ್ ಒತ್ತುತ್ತಾಳೆ. ಚಿತ್ರ ಕನ್ನಡದ್ದೇ, ಫೈಲ್‌ನೊಳಗೆ ಕನ್ನಡದ ಆಡಿಯೊ ಇದೆ. ಆದರೆ ಟಿವಿಯಿಂದ ಬರುವುದು ಹಿಂದಿ. ಮೆನು ಹುಡುಕಿ ಕನ್ನಡಕ್ಕೆ ಬದಲಿಸಲು ಮೊಮ್ಮಗಳನ್ನು ಕರೆಯಬೇಕು. ನಾಳೆ ಮತ್ತೊಂದು ಸಿನಿಮಾ, ಮತ್ತೆ ಅದೇ ಪಾಡು.

ಇದನ್ನು ಸಣ್ಣ ತೊಡಕೆಂದು ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ಮಾತು ಕನ್ನಡ, ಫೈಲ್‌ನಲ್ಲಿ ಕನ್ನಡ ಇದೆ, ಆದರೂ ಮೊದಲು ಕೇಳುವುದು ಬೇರೆ ಭಾಷೆ ಎಂದರೆ ನಡುವೆ ಎಲ್ಲೋ ಒಂದು ಕೊಂಡಿ ಕಳಚಿದೆ. ಆ ಕೊಂಡಿಗಳು ನಾಲ್ಕೈದು ಇವೆ. ಒಂದೊಂದನ್ನೂ ಒಂದೊಂದು ಕೈ ಹಿಡಿದಿದೆ. ಹೆಚ್ಚಿನವರು ಹುಡುಕುವುದು ಕೊನೆಯ ಕೊಂಡಿಯಲ್ಲಿ, ಅಂದರೆ ಟಿವಿಯಲ್ಲಿ. ತಪ್ಪು ಮಾತ್ರ ಬಹುಪಾಲು ಮೊದಲ ಕೊಂಡಿಯಲ್ಲೇ ಇರುತ್ತದೆ, ಆಡಿಯೊ ಟ್ರ್ಯಾಕಿನ ಮೇಲೆ ಅಂಟಿಸಿದ ಭಾಷೆಯ ಚೀಟಿಯಲ್ಲಿ.

ಮನೆಯ ಮೀಡಿಯಾ ಸರ್ವರ್ ಎಂದರೆ ಮನೆಯದೇ ಗ್ರಂಥಾಲಯ. ಪ್ಲೆಕ್ಸ್, ಎಂಬಿ, ಜೆಲ್ಲಿಫಿನ್ ಹೆಸರಿನ ತಂತ್ರಾಂಶಗಳು ಈ ಕೆಲಸಕ್ಕೆ ಹೆಸರಾಗಿವೆ. ಎಂಬಿ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡಾಗ, ಅದುವರೆಗೆ ಮುಕ್ತವಾಗಿದ್ದ ಭಾಗವನ್ನು ಹಿಡಿದು ಸ್ವಯಂಸೇವಕರು 2018ರ ಡಿಸೆಂಬರ್‌ನಲ್ಲಿ ಜೆಲ್ಲಿಫಿನ್ ಕಟ್ಟಿದರು. ಹಣ ಕೊಡಬೇಕಿಲ್ಲದ ಕಾರಣ ಹಳೆಯ ಲ್ಯಾಪ್‌ಟಾಪ್ ಇರುವ ಮನೆಗಳಿಗೆ ಅದು ಒಗ್ಗುತ್ತದೆ. ಕೋಡಿ ಎಂಬುದು ಸರ್ವರ್ ಅಲ್ಲ, ಟಿವಿಯ ಪಕ್ಕದ ಪೆಟ್ಟಿಗೆಯಲ್ಲಿ ಕೂತು ಫೈಲ್ ಓದಿ ತೋರಿಸುವ ಪ್ಲೇಯರ್. ಸರ್ವರ್ ಆಗಲಿ ಪ್ಲೇಯರ್ ಆಗಲಿ, ಯಾವುದಕ್ಕೂ ಕಿವಿಯಿಲ್ಲ. ಮಾತು ಕೇಳಿ ‘ಇದು ಕನ್ನಡ’ ಎಂದು ಅವು ಗುರುತಿಸುವುದಿಲ್ಲ. ಟ್ರ್ಯಾಕಿನ ಮೇಲೆ ಏನು ಬರೆದಿದೆಯೋ ಅದನ್ನಷ್ಟೇ ನಂಬುತ್ತವೆ.

ಕನ್ನಡದ ಮಟ್ಟಿಗೆ ಈ ಚೀಟಿಯ ಪ್ರಶ್ನೆ ಹೊಸದು. ಅದಕ್ಕೊಂದು ಇತಿಹಾಸವಿದೆ. ಡಬ್ಬಿಂಗ್ ಬೇಡವೆಂಬ ಚಳವಳಿ 1960ರ ದಶಕದಲ್ಲಿ ಗಟ್ಟಿಯಾದ ಮೇಲೆ ಹಲವು ದಶಕ ಪರಭಾಷೆಯ ಚಿತ್ರಗಳು ಕನ್ನಡದ ದನಿಯಲ್ಲಿ ಬರಲಿಲ್ಲ. 2012ರಲ್ಲಿ ಆಮೀರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೇ’ ಹಲವು ಭಾಷೆಗಳಿಗೆ ಡಬ್ ಆಗಿ ಪ್ರಸಾರವಾದಾಗಲೂ ಕನ್ನಡ ವಾಹಿನಿಗಳಲ್ಲಿ ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್‌ಗೆ ಅಡ್ಡಿಮಾಡುವುದು ಕಾನೂನಿಗೆ ವಿರುದ್ಧವೆಂದು ಆದೇಶಿಸಿತು. 2017ರ ಮಾರ್ಚ್‌ನಲ್ಲಿ ತಮಿಳಿನ ‘ಎನ್ನೈ ಅರಿಂದಾಲ್’ ಚಿತ್ರ ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಕನ್ನಡದ ದನಿ ಹೊತ್ತು ತೆರೆಗೆ ಬಂತು.

ಎದುರು ದಿಕ್ಕಿನ ಹರಿವೂ ಅದರ ಹಿಂದೆಯೇ ಜೋರಾಯಿತು. 2018ರ ಡಿಸೆಂಬರ್ 21ರಂದು ಬಿಡುಗಡೆಯಾದ ‘ಕೆಜಿಎಫ್’ನ ಮೊದಲ ಭಾಗ ಕನ್ನಡದ ಜೊತೆ ತೆಲುಗು, ತಮಿಳು, ಮಲಯಾಳ, ಹಿಂದಿಯಲ್ಲೂ ಮಾತಾಡಿತು. 2022ರಲ್ಲಿ ‘777 ಚಾರ್ಲಿ’, ‘ವಿಕ್ರಾಂತ್ ರೋಣ’ ಅದೇ ದಾರಿ ಹಿಡಿದವು. ಅದೇ ವರ್ಷದ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಷ್ಟೇ ಬಂದ ‘ಕಾಂತಾರ’ ಕೆಲವೇ ವಾರಗಳಲ್ಲಿ ಬೇರೆ ಭಾಷೆಗಳಿಗೆ ಹೋಯಿತು, ತುಳುವಿಗೂ ಬಂತು. ಹಿಂದೆ ಕನ್ನಡ ಚಿತ್ರದ ಡಿಸ್ಕ್‌ನಲ್ಲಿ ಇರುತ್ತಿದ್ದುದು ಒಂದೇ ದನಿ. ಅದಕ್ಕೆ ಹೆಸರು ಬರೆಯುವ ಅಗತ್ಯವೇ ಇರಲಿಲ್ಲ. ಮನೆಯಲ್ಲಿ ಒಬ್ಬನೇ ಮಗನಿದ್ದರೆ ‘ಮಗ’ ಎಂದರೆ ಸಾಕು, ಐವರಿದ್ದರೆ ಹೆಸರು ಹಿಡಿದೇ ಕರೆಯಬೇಕು. ಒಂದೇ ಫೈಲ್‌ನಲ್ಲಿ ಐದು ದನಿ ಕೂಡಿಬಂದ ಮೇಲೆ ಹೆಸರಿಲ್ಲದ ಟ್ರ್ಯಾಕಿನ ಕಷ್ಟ ಬಯಲಾಯಿತು.

ಹೆಸರು ಬರೆಯುವ ರೀತಿಗೂ ಒಂದು ಲಿಪಿಯುಂಟು. ಭಾಷೆಗಳಿಗೆ ಅಂತರರಾಷ್ಟ್ರೀಯ ಸಂಕೇತಗಳಿವೆ. ಐಎಸ್‌ಒ 639ರ ಮೊದಲ ಪಟ್ಟಿಯಲ್ಲಿ ಕನ್ನಡಕ್ಕೆ ‘ಕೆ-ಎನ್’ ಎಂಬ ಎರಡಕ್ಷರ, ಎರಡನೆಯ ಪಟ್ಟಿಯಲ್ಲಿ ‘ಕೆ-ಎ-ಎನ್’ ಎಂಬ ಮೂರಕ್ಷರ. ಇಲ್ಲಿ ಕರ್ನಾಟಕದವರನ್ನೇ ದಾರಿ ತಪ್ಪಿಸುವ ಒಂದು ಗುಂಡಿ ಇದೆ. ಹೊಸಪೇಟೆಯ ಗಾಡಿಗಳ ಮೇಲೆ ‘ಕೆಎ 35’ ಎಂದಿರುತ್ತದೆ, ದಿನವೂ ಕಣ್ಣಿಗೆ ಬೀಳುತ್ತದೆ. ಆ ರೂಢಿಯಲ್ಲಿ ಕನ್ನಡಕ್ಕೆ ‘ಕೆ-ಎ’ ಎಂದು ಬರೆದರೆ ಕಂಪ್ಯೂಟರ್ ಅದನ್ನು ಜಾರ್ಜಿಯನ್ ಎಂದು ಓದುತ್ತದೆ. ಆ ಎರಡಕ್ಷರ ಕಾಕಸಸ್ ಬೆಟ್ಟಸಾಲಿನ ಆ ಭಾಷೆಗೆ ಸಂದದ್ದು. ‘ಕೆ-ಎಸ್’ ಕಾಶ್ಮೀರಿ, ‘ಕೆ-ಎ-ಯು’ ಆಫ್ರಿಕದ ಕನೂರಿ. ಒಂದಕ್ಷರ ಜಾರಿದರೆ ಭಾಷೆಯೇ ಬದಲಾಗುತ್ತದೆ. ಜರ್ಮನ್, ಫ್ರೆಂಚ್‌ನಂಥ ಸುಮಾರು ಇಪ್ಪತ್ತು ಭಾಷೆಗಳಿಗೆ ಮೂರಕ್ಷರದ ಪಟ್ಟಿಯಲ್ಲಿ ಎರಡೆರಡು ಸಂಕೇತಗಳಿದ್ದು ಗೊಂದಲವಾಗುತ್ತದೆ. ಕನ್ನಡಕ್ಕೆ ಆ ಕಾಟವಿಲ್ಲ, ಒಂದೇ ಸಂಕೇತ.

ಚೀಟಿಯನ್ನು ಎಲ್ಲಿ ಅಂಟಿಸುತ್ತಾರೆ ಎಂಬುದು ಫೈಲ್‌ನ ಜಾತಿಯ ಮೇಲೆ ನಿಂತಿದೆ. ಎಂಪಿ4 ಫೈಲ್‌ನಲ್ಲಿ ಒಂದೊಂದು ಅಕ್ಷರಕ್ಕೆ ಐದು ಬಿಟ್‌ನಂತೆ ಹದಿನೈದು ಬಿಟ್‌ನೊಳಗೆ ಮೂರಕ್ಷರ ಅಡಗಿರುತ್ತದೆ. ಡಿವಿಡಿಯಲ್ಲಿ ಚಿತ್ರ ಮತ್ತು ದನಿ ವಿಒಬಿ ಫೈಲ್‌ಗಳಲ್ಲಿದ್ದರೆ, ಯಾವ ದನಿ ಯಾವ ಭಾಷೆಯದೆಂಬ ಮಾಹಿತಿ ಐಎಫ್‌ಒ ಎಂಬ ಬೇರೆ ಪುಟ್ಟ ಫೈಲ್‌ನಲ್ಲಿರುತ್ತದೆ. ಜಾಗ ಉಳಿಸಲೆಂದು ದೊಡ್ಡ ಫೈಲ್‌ಗಳನ್ನಷ್ಟೇ ನಕಲು ಮಾಡಿ ಚಿಕ್ಕವನ್ನು ಬಿಟ್ಟವರ ಹಾರ್ಡ್‌ಡಿಸ್ಕ್‌ನಲ್ಲಿ ದನಿ ಉಳಿದಿದೆ, ಹೆಸರು ಹೋಗಿದೆ. ಇನ್ನೂ ಹಿಂದಿನ ವಿಸಿಡಿಯಲ್ಲಿ ಟ್ರ್ಯಾಕ್ ಒಂದೇ. ಹಾಂಗ್‌ಕಾಂಗ್ ಚಿತ್ರಗಳ ವಿಸಿಡಿಗಳಲ್ಲಿ ಎಡ ಸ್ಪೀಕರಿಗೆ ಒಂದು ಭಾಷೆ, ಬಲ ಸ್ಪೀಕರಿಗೆ ಇನ್ನೊಂದು ಎಂದು ಹಂಚುವ ಪದ್ಧತಿಯಿತ್ತು. ಅಂಥ ಫೈಲ್ ಸಿಕ್ಕರೆ ಯಾವ ಸರ್ವರ್ ಸೆಟ್ಟಿಂಗೂ ನೆರವಾಗದು. ಎಡ ಬಲಗಳನ್ನು ಸೀಳಿ ಎರಡು ಟ್ರ್ಯಾಕ್ ಮಾಡಬೇಕು.

ಹಲವು ದನಿಗಳ ಫೈಲ್‌ಗಳು ಹೆಚ್ಚಾಗಿ ಇರುವುದು ಎಂಕೆವಿ ರೂಪದಲ್ಲಿ. ಅದರ ಮಾದರಿಯ ಹೆಸರು ಮ್ಯಾಟ್ರೋಸ್ಕಾ. 2002ರಿಂದ ಬೆಳೆದುಬಂದ ಈ ಮಾದರಿ 2024ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 9559 ಎಂಬ ಅಂತರ್ಜಾಲ ಮಾನಕವಾಗಿ ಹೊರಬಂತು. ಅದರಲ್ಲಿ ಕನ್ನಡಿಗರು ತಿಳಿದಿರಬೇಕಾದ ಎರಡು ನಿಯಮಗಳಿವೆ.

ಒಂದು: ಟ್ರ್ಯಾಕಿಗೆ ಭಾಷೆ ಬರೆಯದೇ ಬಿಟ್ಟರೆ ಅದನ್ನು ಇಂಗ್ಲಿಷ್ ಎಂದೇ ತಿಳಿಯಬೇಕು.

ಎರಡು: ‘ಡೀಫಾಲ್ಟ್’ ಎಂಬ ಗುರುತನ್ನು ಬರೆಯದೇ ಬಿಟ್ಟರೆ ಆ ಗುರುತು ಇದೆ ಎಂದೇ ತಿಳಿಯಬೇಕು.

ಈ ಎರಡನ್ನೂ ಕೂಡಿಸಿ ನೋಡಿದರೆ ಅಜ್ಜಿಯ ಟಿವಿಯ ಗುಟ್ಟು ಬಿಚ್ಚಿಕೊಳ್ಳುತ್ತದೆ. ಐದು ದನಿಗಳ ಫೈಲ್ ಕಟ್ಟಿದವರು ಏನೂ ಬರೆಯದೆ ಬಿಟ್ಟಿದ್ದರೆ ಸರ್ವರ್‌ನ ಕಣ್ಣಿಗೆ ಐದೂ ಇಂಗ್ಲಿಷ್, ಐದೂ ಡೀಫಾಲ್ಟ್. ಕನ್ನಡ ಬೇಕೆಂದು ಸೆಟ್ಟಿಂಗ್‌ನಲ್ಲಿ ಎಷ್ಟು ಸಲ ಹೇಳಿದರೂ ಅದು ಹುಡುಕಿದಾಗ ಕನ್ನಡವೆಂಬ ಚೀಟಿ ಕಾಣುವುದಿಲ್ಲ. ಕೊನೆಗೆ ಸಾಲಿನಲ್ಲಿ ಮೊದಲು ನಿಂತ ಟ್ರ್ಯಾಕನ್ನೇ ಎತ್ತಿಕೊಳ್ಳುತ್ತದೆ. ಫೈಲ್ ಕಟ್ಟಿದವರು ಹಿಂದಿಯನ್ನು ಮೊದಲಿಟ್ಟಿದ್ದರೆ ಹಿಂದಿ, ತೆಲುಗನ್ನು ಮೊದಲಿಟ್ಟಿದ್ದರೆ ತೆಲುಗು. ಸರ್ವರ್‌ಗೆ ಕನ್ನಡದ ಮೇಲೆ ದ್ವೇಷವಿಲ್ಲ, ಕನ್ನಡ ಅಲ್ಲಿದೆಯೆಂಬುದೇ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಟ್ರ್ಯಾಕಿನ ಹೆಸರಿನ ಜಾಗದಲ್ಲಿ ‘ಕನ್ನಡ’ ಎಂದು ಬರೆದರೆ ಸಾಲದೇ? ಸಾಲದು. ಎಂಕೆವಿಯಲ್ಲಿ ಟ್ರ್ಯಾಕಿನ ಶೀರ್ಷಿಕೆ ಬೇರೆ, ಭಾಷೆಯ ಸಂಕೇತ ಬೇರೆ. ಶೀರ್ಷಿಕೆ ಮನುಷ್ಯರು ಓದಲಿಕ್ಕೆ, ಮೆನುವಿನಲ್ಲಿ ಚೆನ್ನಾಗಿ ಕಾಣುತ್ತದೆ. ಸರ್ವರ್ ತಾನಾಗಿ ಆರಿಸುವಾಗ ನೋಡುವುದು ಸಂಕೇತವನ್ನು. ಮೆನುವಿನಲ್ಲಿ ‘ಕನ್ನಡ’ ಎಂದು ಕಾಣುತ್ತಿದ್ದರೂ ತಾನಾಗಿ ಬರುವುದಿಲ್ಲ ಎಂದು ಬೇಸತ್ತವರು ಮೊದಲು ನೋಡಬೇಕಾದ ಜಾಗ ಇದೇ.

ನೋಡುವುದು ಹೇಗೆ? ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ ಒಂದೊಂದು ಟ್ರ್ಯಾಕಿನ ಭಾಷೆ, ಡೀಫಾಲ್ಟ್ ಗುರುತು, ಚಾನೆಲ್‌ಗಳ ಸಂಖ್ಯೆ ಎಲ್ಲ ಕಾಣುತ್ತದೆ. ತಿದ್ದಲು ಎಂಕೆವಿಟೂಲ್‌ನಿಕ್ಸ್ ಇದೆ, ಮೋರಿಟ್ಸ್ ಬುಂಕುಸ್ ಎಂಬ ಜರ್ಮನ್ ಪ್ರೋಗ್ರಾಮರ್ ಬರೆದದ್ದು. ಅದರ ಹೆಡರ್ ಎಡಿಟರ್‌ನಲ್ಲಿ ಟ್ರ್ಯಾಕನ್ನು ಒತ್ತಿ ಭಾಷೆಯ ಪಟ್ಟಿಯಿಂದ ಕನ್ನಡ ಆರಿಸಿ ಉಳಿಸಿದರೆ ಮುಗಿಯಿತು. ಇಡೀ ಸಿನಿಮಾವನ್ನು ಮತ್ತೆ ಬರೆಯಬೇಕಿಲ್ಲ, ದನಿಯ ಗುಣ ಕೆಡುವುದಿಲ್ಲ. ಹಲವು ಜಿಬಿ ತೂಗುವ ಫೈಲ್ ಆದರೂ ಕ್ಷಣದ ಕೆಲಸ. ಆದರೆ ಚೀಟಿ ಅಂಟಿಸುವ ಮುನ್ನ ಪ್ರತಿ ಟ್ರ್ಯಾಕನ್ನೂ ಕಿವಿಯಾರೆ ಕೇಳಬೇಕು. ಊಹೆಯಿಂದ ಅಂಟಿಸಿದ ತಪ್ಪು ಚೀಟಿ ಚೀಟಿಯಿಲ್ಲದ್ದಕ್ಕಿಂತ ಹೆಚ್ಚು ಕಾಡುತ್ತದೆ.

ಎರಡನೆಯ ಕೊಂಡಿ ಡೀಫಾಲ್ಟ್ ಗುರುತು. ಅದು ಒಂದೇ ಟ್ರ್ಯಾಕಿಗೆ ಇರುವ ಪಟ್ಟ ಎಂದು ಬಹಳ ಜನ ತಿಳಿದಿದ್ದಾರೆ. ಮಾನಕದ ಪ್ರಕಾರ ‘ತಾನಾಗಿ ಆರಿಸಲು ಅರ್ಹ’ ಎಂಬುದಷ್ಟೇ ಅದರ ಅರ್ಥ, ಎಷ್ಟು ಟ್ರ್ಯಾಕಿಗಾದರೂ ಇರಬಹುದು. ಮೂಲ ಭಾಷೆಯ ಟ್ರ್ಯಾಕ್, ವ್ಯಾಖ್ಯಾನದ ಟ್ರ್ಯಾಕ್, ಕಣ್ಣು ಕಾಣದವರಿಗೆ ದೃಶ್ಯ ವಿವರಿಸುವ ಟ್ರ್ಯಾಕ್ ಎಂಬುದಕ್ಕೆ ಬೇರೆ ಬೇರೆ ಗುರುತುಗಳೂ ಇವೆ. ‘ಕೆಜಿಎಫ್’ನ ಕನ್ನಡ ಟ್ರ್ಯಾಕಿಗೆ ‘ಮೂಲ ಭಾಷೆ’ ಎಂಬ ಗುರುತು ನ್ಯಾಯವಾಗಿ ಸಲ್ಲುತ್ತದೆ. ‘ಆರ್‌ಆರ್‌ಆರ್’ನಲ್ಲಿ ಅದು ತೆಲುಗಿಗೆ ಸಲ್ಲುತ್ತದೆ, ಕನ್ನಡ ಅಲ್ಲಿ ಡಬ್ ಆದ ದನಿ. ಮನೆಯ ಅನುಕೂಲಕ್ಕೆ ಸುಲಭದ ಪದ್ಧತಿಯೆಂದರೆ ಕನ್ನಡಕ್ಕೊಂದೇ ಡೀಫಾಲ್ಟ್ ಇಟ್ಟು ಉಳಿದವುಗಳಿಂದ ತೆಗೆದುಬಿಡುವುದು.

ಈ ಗುರುತು ಸರ್ವರ್‌ನ ಸೆಟ್ಟಿಂಗ್ ಜೊತೆ ಡಿಕ್ಕಿ ಹೊಡೆಯುವುದೂ ಉಂಟು. ಜೆಲ್ಲಿಫಿನ್‌ನಲ್ಲಿ ಪ್ರತಿ ಬಳಕೆದಾರರ ಪ್ಲೇಬ್ಯಾಕ್ ವಿಭಾಗದಲ್ಲಿ ‘ಮೆಚ್ಚಿನ ಆಡಿಯೊ ಭಾಷೆ’ ಎಂಬ ಆಯ್ಕೆಯಿದೆ. ಅದರ ಜೊತೆಗೆ ‘ಭಾಷೆ ಯಾವುದಾದರೂ ಡೀಫಾಲ್ಟ್ ಟ್ರ್ಯಾಕನ್ನೇ ನುಡಿಸು’ ಎಂಬ ಅರ್ಥದ ಇನ್ನೊಂದು ಚೌಕವಿದೆ. ಎರಡನೆಯದಕ್ಕೆ ಗೆರೆ ಬಿದ್ದಿದ್ದರೆ ಮೊದಲನೆಯದಕ್ಕೆ ಬೆಲೆಯಿಲ್ಲ. ಕನ್ನಡವನ್ನು ಮೆಚ್ಚಿನ ಭಾಷೆಯಾಗಿ ಆರಿಸಿ, ಆ ಚೌಕವನ್ನು ಹಾಗೆಯೇ ಬಿಟ್ಟು, ಫೈಲ್‌ನ ಡೀಫಾಲ್ಟ್ ಗುರುತು ಹಿಂದಿಯ ಮೇಲಿದ್ದರೆ ಹಿಂದಿಯೇ ಬರುತ್ತದೆ. ಕೆಟ್ಟದ್ದು ಏನೂ ಇಲ್ಲ, ಹೇಳಿದ ಮಾತನ್ನು ಯಂತ್ರ ಅಕ್ಷರಶಃ ಪಾಲಿಸುತ್ತಿದೆ. ಗೆರೆ ಅಳಿಸಿದರೆ ಆಯಿತು. ಪ್ಲೆಕ್ಸ್‌ನಲ್ಲಿ ಖಾತೆಯ ಆಡಿಯೊ ಮತ್ತು ಸಬ್‌ಟೈಟಲ್ ವಿಭಾಗದಲ್ಲಿ ಟ್ರ್ಯಾಕನ್ನು ತಾನಾಗಿ ಆರಿಸುವ ಆಯ್ಕೆಯನ್ನು ಮೊದಲು ಚಾಲೂ ಮಾಡಬೇಕು, ಆಮೇಲೆ ಕೆಳಗೆ ಭಾಷೆ ಸೂಚಿಸಬೇಕು. ಮೊದಲನೆಯದನ್ನು ಮರೆತರೆ ಎರಡನೆಯದು ಬರೀ ಅಲಂಕಾರ.

ಇಲ್ಲಿ ‘ಪ್ರತಿ ಬಳಕೆದಾರರ’ ಎಂಬ ಮಾತಿಗೆ ಈ ಸೀಮೆಯಲ್ಲಿ ವಿಶೇಷ ತೂಕವಿದೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ದಿನ ಅವು ಮೈಸೂರಿಗೆ ಸೇರಿದವು, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಗೆರೆ ಎಳೆದ ಮಾತ್ರಕ್ಕೆ ಕಿವಿಯ ರೂಢಿ ಬದಲಾಗುವುದಿಲ್ಲ. ತೆಲುಗು ಸಿನಿಮಾವನ್ನು ತೆಲುಗಿನಲ್ಲೇ ನೋಡುವವರು ಬಳ್ಳಾರಿ ಕಡೆ ಇಂದಿಗೂ ಬಹಳ. ಒಂದೇ ಮನೆಯಲ್ಲಿ ಅಪ್ಪನಿಗೆ ತೆಲುಗು ಮೂಲ ಬೇಕು, ಅಜ್ಜಿಗೆ ಕನ್ನಡವೇ ಬೇಕು, ಮೊಮ್ಮಗಳಿಗೆ ಇಂಗ್ಲಿಷ್ ಕಾರ್ಟೂನ್ ಬೇಕು. ಎಲ್ಲರೂ ಒಂದೇ ಖಾತೆಯಿಂದ ನೋಡಿದರೆ ಒಬ್ಬರ ಆಯ್ಕೆ ಇನ್ನೊಬ್ಬರ ತೊಂದರೆ. ಮೂವರಿಗೆ ಮೂರು ಖಾತೆ ಮಾಡಿ, ಅಜ್ಜಿಯ ಕೋಣೆಯ ಟಿವಿಯಲ್ಲಿ ಅವಳ ಖಾತೆಯನ್ನೇ ತೆರೆದಿಟ್ಟರೆ ಜಗಳ ಅರ್ಧ ತೀರುತ್ತದೆ.

ಮೂರನೆಯ ಕೊಂಡಿ ನೆನಪು. ಒಮ್ಮೆ ಯಾರೋ ಒಂದು ಸಿನಿಮಾಕ್ಕೆ ಕೈಯಾರೆ ಹಿಂದಿ ಆರಿಸಿದ್ದರೆ ಸರ್ವರ್ ಅದನ್ನು ಆ ಖಾತೆಗೆ, ಆ ಸಿನಿಮಾಕ್ಕೆ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಸೆಟ್ಟಿಂಗ್ ಎಲ್ಲ ಸರಿಮಾಡಿ ಅದೇ ಸಿನಿಮಾವನ್ನು ಪರೀಕ್ಷೆಗೆ ಹಾಕಿದರೆ ಮತ್ತೆ ಹಿಂದಿ ಬಂದು ದಿಕ್ಕು ತಪ್ಪಿಸುತ್ತದೆ. ಕೋಡಿ ಕೂಡ ಫೈಲ್ ಫೈಲಿಗೂ ಆಯ್ಕೆಯನ್ನು ತನ್ನ ದತ್ತಾಂಶದಲ್ಲಿ ಬರೆದಿಡುತ್ತದೆ. ಆದ್ದರಿಂದ ಪರೀಕ್ಷೆಗೆ ಆ ಖಾತೆಯಲ್ಲಿ ಇದುವರೆಗೆ ತೆರೆಯದ ಫೈಲನ್ನೇ ಆರಿಸಬೇಕು. ಇನ್ನೊಂದು ನೆನಪೂ ಇದೆ. ಫೈಲ್‌ನ ಚೀಟಿಯನ್ನು ಸರ್ವರ್ ಪ್ರತಿಸಲ ಓದುವುದಿಲ್ಲ, ಒಮ್ಮೆ ಓದಿ ಬರೆದಿಟ್ಟುಕೊಂಡಿರುತ್ತದೆ. ಚೀಟಿ ತಿದ್ದಿದ ಮೇಲೆ ಅದನ್ನು ಮತ್ತೆ ಓದಿಸಬೇಕು. ಜೆಲ್ಲಿಫಿನ್‌ನಲ್ಲಿ ಲೈಬ್ರರಿ ಸ್ಕ್ಯಾನ್, ಪ್ಲೆಕ್ಸ್‌ನಲ್ಲಿ ಅನಲೈಸ್ ಇರುವುದು ಇದಕ್ಕೇ.

ನಾಲ್ಕನೆಯದು ಟಿವಿ, ಅಂದರೆ ಕೊನೆಯ ಸಾಧನ. ಡಿಎಲ್‌ಎನ್‌ಎ ಮೂಲಕ ನೋಡಿದರೆ ಸರ್ವರ್ ಫೈಲನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ, ಟ್ರ್ಯಾಕ್ ಆರಿಸುವುದು ಟಿವಿಯೊಳಗಿನ ಪ್ಲೇಯರ್. ಅಲ್ಲಿ ಖಾತೆಯ ಇಷ್ಟಾನಿಷ್ಟ ನಡೆಯುವುದಿಲ್ಲ. ಹಾಗಾಗಿ ಸರ್ವರ್‌ನದೇ ಆ್ಯಪ್ ಹಾಕಿಕೊಳ್ಳುವುದು ಲೇಸು. ಕ್ರೋಮ್ ಬ್ರೌಸರ್ ಒಂದೇ ಫೈಲ್‌ನೊಳಗಿನ ಆಡಿಯೊ ಟ್ರ್ಯಾಕ್‌ಗಳ ನಡುವೆ ಬದಲಿಸುವ ಅವಕಾಶವನ್ನು ಸಾಮಾನ್ಯ ಸ್ಥಿತಿಯಲ್ಲಿ ಕೊಡದ ಕಾರಣ, ಸರ್ವರ್ ಬೇಕಾದ ಟ್ರ್ಯಾಕನ್ನು ಹೆಕ್ಕಿ ಹೊಸದಾಗಿ ಕಟ್ಟಿ ಕಳುಹಿಸಬೇಕಾಗುತ್ತದೆ. ದನಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಎಂಬ ಆಡಿಯೊ ಬಗೆಯನ್ನು ಕೈಬಿಟ್ಟಿತು. ಅಂಥ ಟಿವಿಗೆ ಪೆನ್‌ಡ್ರೈವ್ ಚುಚ್ಚಿ ಡಿಟಿಎಸ್‌ನಲ್ಲಿರುವ ಕನ್ನಡ ಟ್ರ್ಯಾಕ್ ಹಾಕಿದರೆ ಚಿತ್ರ ಓಡುತ್ತದೆ, ಮಾತಿಲ್ಲ. ಸರ್ವರ್ ಮೂಲಕ ಹಾಕಿದರೆ ಅದು ದನಿಯನ್ನು ಟಿವಿಗೆ ತಿಳಿಯುವ ಬಗೆಗೆ ಪರಿವರ್ತಿಸಿ ಕೊಡಬಲ್ಲದು, ಹಳೆಯ ಲ್ಯಾಪ್‌ಟಾಪಿಗೂ ಆ ಕೆಲಸ ಭಾರವಲ್ಲ.

ಹೀಗಾಗಿ ಹುಡುಕಾಟಕ್ಕೆ ಒಂದು ಕ್ರಮ ಇಟ್ಟುಕೊಂಡರೆ ದಿನಗಟ್ಟಲೆಯ ಪರದಾಟ ಅರ್ಧ ಗಂಟೆಗೆ ಇಳಿಯುತ್ತದೆ. ಒಂದೇ ಫೈಲ್, ಒಂದೇ ಖಾತೆ, ಒಂದೇ ಟಿವಿ ಹಿಡಿದು ಶುರುಮಾಡಬೇಕು. ಮೊದಲು ಚೀಟಿ, ಆಮೇಲೆ ಡೀಫಾಲ್ಟ್ ಗುರುತು, ಆಮೇಲೆ ಖಾತೆಯ ಸೆಟ್ಟಿಂಗ್, ಆಮೇಲೆ ನೆನಪು, ಕೊನೆಗೆ ಟಿವಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಅದೇ ಫೈಲನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿಯಲ್ಲಿ ತೆರೆದು, ಅದರ ಆಡಿಯೊ ಸೆಟ್ಟಿಂಗ್‌ನಲ್ಲಿ ಕನ್ನಡದ ಸಂಕೇತ ಬರೆದು ನೋಡುವುದೂ ಒಳ್ಳೆಯ ಪರೀಕ್ಷೆ. ಅಲ್ಲಿ ಕನ್ನಡ ತಾನಾಗಿ ಬಂದರೆ ಚೀಟಿ ಸರಿಯಿದೆ, ದೋಷ ಸರ್ವರ್ ಅಥವಾ ಟಿವಿಯ ಕಡೆಗಿದೆ.

ಸಿನಿಮಾದ ಮಾತು ಇಷ್ಟಾಯಿತು. ಮನೆಯ ಸ್ವಂತ ಚಿತ್ರೀಕರಣಗಳ ವಿಷಯ ಇದಕ್ಕಿಂತ ಮುಖ್ಯ. ಸಿನಿಮಾದ ಚೀಟಿ ಹರಿದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಕೊಟ್ಟೂರೇಶ್ವರನ ತೇರಿನ ದಿನ ಅಪ್ಪ ಹಿಡಿದ ವಿಡಿಯೊ, ಊರ ಬಯಲಾಟದ ರಾತ್ರಿ, ಮೈಲಾರದ ಕಾರ್ಣಿಕ, ಇವುಗಳ ಪ್ರತಿ ಮನೆಯ ಹೊರಗೆ ಇರುವುದಿಲ್ಲ. ಕಾರ್ಣಿಕದ ವಿಡಿಯೊಗೆ ದೊಡ್ಡವರೊಬ್ಬರ ವಿವರಣೆಯನ್ನು ಎರಡನೆಯ ಟ್ರ್ಯಾಕಾಗಿ ಸೇರಿಸಿದರೆ ಅದು ಮುಂದಿನವರಿಗೆ ಆಸ್ತಿ. ಆದರೆ ಎರಡೂ ಕನ್ನಡವೇ, ಭಾಷೆಯ ಸಂಕೇತದಿಂದ ಬೇರ್ಪಡಿಸಲಾಗದು. ಇಲ್ಲಿ ಸರ್ವರ್‌ಗೂ ನೋಡುವವರಿಗೂ ನೆರವಾಗುವುದು ಉಳಿದ ಗುರುತುಗಳು: ಗೊರವಯ್ಯನ ದನಿಗೆ ಡೀಫಾಲ್ಟ್ ಮತ್ತು ಮೂಲ, ವಿವರಣೆಗೆ ವ್ಯಾಖ್ಯಾನದ ಗುರುತು. ಶೀರ್ಷಿಕೆಯಲ್ಲಿ ಕನ್ನಡ ಲಿಪಿಯಲ್ಲೇ ‘ಜಾತ್ರೆಯ ದನಿ’, ‘ವಿವರಣೆ’ ಎಂದು ಬರೆದಿಟ್ಟರೆ ಮೆನುವಿನಲ್ಲಿ ಯಾರಿಗಾದರೂ ತಿಳಿಯುತ್ತದೆ.

ಈ ಸೀಮೆಯ ತಾಂಡಾಗಳ ಮನೆಗಳಲ್ಲಿ ತೊಡಕು ಇನ್ನೊಂದು ಮಜಲಿನದು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸುತ್ತ ಲಂಬಾಣಿ ಮಾತಾಡುವವರು ಬಹಳಷ್ಟಿದ್ದಾರೆ. ಹಬ್ಬದ ಹಾಡು, ಮದುವೆಯ ಹಾಡುಗಳನ್ನು ಅವರೂ ಚಿತ್ರಿಸಿ ಇಟ್ಟಿದ್ದಾರೆ. ಐಎಸ್‌ಒದ ಎರಡನೆಯ ಪಟ್ಟಿಯಲ್ಲಿ ಲಂಬಾಣಿಗೆ ಪ್ರತ್ಯೇಕ ಸಂಕೇತವಿಲ್ಲ, ತುಳುವಿಗೂ ಇಲ್ಲ. ಸಾವಿರಾರು ಭಾಷೆಗಳನ್ನೊಳಗೊಂಡ ಮೂರನೆಯ ಪಟ್ಟಿಯಲ್ಲಿ ಲಂಬಾಣಿಗೆ ‘ಎಲ್-ಎಂ-ಎನ್’, ತುಳುವಿಗೆ ‘ಟಿ-ಸಿ-ವೈ’ ಸಿಕ್ಕಿವೆ. ಮ್ಯಾಟ್ರೋಸ್ಕಾದ ಹಳೆಯ ಭಾಷಾ ಜಾಗದಲ್ಲಿ ಇವಕ್ಕೆ ಠಾವಿರಲಿಲ್ಲ. ಬಿಸಿಪಿ 47 ಎಂಬ ಪದ್ಧತಿಯನ್ನು ಅನುಸರಿಸುವ ಹೊಸ ಜಾಗ ಇವನ್ನು ಒಪ್ಪುತ್ತದೆ. ಸರ್ವರ್‌ನ ಮೆಚ್ಚಿನ ಭಾಷೆಯ ಪಟ್ಟಿಯಲ್ಲಿ ಲಂಬಾಣಿ ಕಾಣದಿದ್ದರೆ ಒಂದು ಬಳಸುದಾರಿಯಿದೆ. ಫೈಲ್‌ನ ಹೊಸ ಜಾಗದಲ್ಲಿ ಸರಿಯಾದ ಸಂಕೇತ ಬರೆದು, ಲಂಬಾಣಿ ಟ್ರ್ಯಾಕಿಗೊಂದಕ್ಕೇ ಡೀಫಾಲ್ಟ್ ಗುರುತು ಇಟ್ಟು, ಆ ಖಾತೆಯಲ್ಲಿ ‘ಭಾಷೆ ಯಾವುದಾದರೂ ಡೀಫಾಲ್ಟನ್ನೇ ನುಡಿಸು’ ಚೌಕಕ್ಕೆ ಗೆರೆ ಹಾಕುವುದು. ಅಜ್ಜಿಯ ಖಾತೆಯಲ್ಲಿ ಅಳಿಸಬೇಕಾಗಿದ್ದ ಗೆರೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಮುಂದೊಂದು ದಿನ ಸರ್ವರ್‌ನ ಪಟ್ಟಿಗೆ ಲಂಬಾಣಿ ಸೇರಿದಾಗ ಫೈಲ್‌ಗಳ ಮೇಲೆ ಚೀಟಿ ಆಗಲೇ ಸಿದ್ಧವಿರುತ್ತದೆ, ಸೆಟ್ಟಿಂಗ್‌ನಲ್ಲಿ ಆ ಹೆಸರನ್ನು ಆರಿಸುವುದಷ್ಟೇ ಉಳಿಯುತ್ತದೆ.